ಕಡಿಮೆ ಬೆಲೆಯ ಮೊದಲ ರೋಡ್ ಬೈಕ್ ಆರಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಬಾರಿಗೆ ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸಲೆಂದು ಮಾಡಿದ ಸೈಕಲ್, ಕೊಳ್ಳಲು ಹೊರಟವರ ಪ್ರಶ್ನೆಗಳು ಹೆಚ್ಚಾಗಿ ಗೇರು, ತೂಕ ಮತ್ತು ಕಂಪನಿಯ ಹೆಸರಿನ ಸುತ್ತಲೇ ಇರುತ್ತವೆ. ಅವುಗಳಿಗೆ ಇಲ್ಲಿ ಉತ್ತರವಿದೆ. ಅವುಗಳಿಗಿಂತ ಮುಂಚೆ ಕೇಳಬೇಕಾದ, ಆದರೆ ಅಂಗಡಿಯಲ್ಲಿ ನಿಂತಾಗ ಹೊಳೆಯದ ಕೆಲವು ಪ್ರಶ್ನೆಗಳನ್ನೂ ಜೊತೆಗೆ ಸೇರಿಸಲಾಗಿದೆ.

ನನಗೆ ರೋಡ್ ಬೈಕೇ ಬೇಕೇ, ಹೈಬ್ರಿಡ್ ಸೈಕಲ್ ಸಾಲದೇ?

ಅದು ನೀವು ಎಷ್ಟು ದೂರ, ಎಂಥ ರಸ್ತೆಯಲ್ಲಿ, ಎಷ್ಟು ವೇಗವಾಗಿ ಹೋಗುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಸವಾರರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಬಾಗಿದ ಹ್ಯಾಂಡಲ್ ಮತ್ತು ಮುಂದಕ್ಕೆ ಬಾಗಿ ಕೂರುವ ಭಂಗಿ ಇರುವುದೇ ಈ ತಡೆಯನ್ನು ತಗ್ಗಿಸುವುದಕ್ಕೆ. ಅಂಥ ಹ್ಯಾಂಡಲ್ಲಿನ ಇನ್ನೊಂದು ಉಪಯೋಗವನ್ನು ಹೊಸಬರು ಸಾಮಾನ್ಯವಾಗಿ ಗಮನಿಸುವುದಿಲ್ಲ: ಕೈಗಳನ್ನು ಮೇಲೆ, ಬ್ರೇಕಿನ ಹಿಡಿಗಳ ಮೇಲೆ ಮತ್ತು ಕೆಳಗಿನ ಬಾಗಿನಲ್ಲಿ, ಹೀಗೆ ಮೂರು ಕಡೆ ಬದಲಾಯಿಸಿ ಇಡಬಹುದಾದ್ದರಿಂದ ಎರಡು ಮೂರು ಗಂಟೆಗಳ ಸವಾರಿಯಲ್ಲಿ ಅಂಗೈ ಮತ್ತು ಮಣಿಕಟ್ಟು ಜೋಮುಗಟ್ಟುವುದು ಕಡಿಮೆಯಾಗುತ್ತದೆ.

ನಿಮ್ಮ ಸವಾರಿ ದಿನಕ್ಕೆ ಐದಾರು ಕಿಲೋಮೀಟರು ದಾಟದಿದ್ದರೆ, ಸಂದಣಿಯ ನಡುವೆ ಆಗಾಗ ನಿಲ್ಲಿಸಿ ಹೊರಡುವುದೇ ಹೆಚ್ಚಾಗಿದ್ದರೆ, ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ಲೇ ಒಳ್ಳೆಯದು. ಅದೇ ಬೆಲೆಯಲ್ಲಿ ಹೈಬ್ರಿಡ್ ಸೈಕಲ್ಲಿಗೆ ಉತ್ತಮ ಬಿಡಿಭಾಗಗಳೂ ಸಿಗುತ್ತವೆ, ಏಕೆಂದರೆ ಬ್ರೇಕು ಮತ್ತು ಗೇರು ಎರಡನ್ನೂ ಒಂದೇ ಹಿಡಿಯಲ್ಲಿ ಅಡಕಗೊಳಿಸಿದ ರೋಡ್ ಬೈಕಿನ ಲಿವರುಗಳು ನೇರ ಹ್ಯಾಂಡಲ್ಲಿನ ಲಿವರುಗಳಿಗಿಂತ ದುಬಾರಿ.

ಮಾದರಿಗಳು ಹತ್ತಾರಿವೆ. ಹೋಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಮುಂದೆ ಬದಲಾಯಿಸಲು ಆಗದಿರುವುದರಿಂದ ಆರಂಭಿಸಿ. ಟೈರು, ಸೀಟು, ಚೈನು, ಹ್ಯಾಂಡಲ್ಲಿನ ಟೇಪು, ಹಲ್ಲುಚಕ್ರಗಳ ಗುಚ್ಛವಾದ ಕ್ಯಾಸೆಟ್ಟು, ಕೊನೆಗೆ ಚಕ್ರಗಳನ್ನು ಕೂಡ ಕಾಲಕ್ರಮೇಣ ಬದಲಾಯಿಸಬಹುದು. ಬಹಳಷ್ಟು ಭಾಗಗಳು ಸವೆದು ತಾವಾಗಿಯೇ ಬದಲಾವಣೆ ಕೇಳುತ್ತವೆ. ಫ್ರೇಮಿನ ಅಳತೆ, ಅದರ ಆಕಾರ, ಟೈರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಡಿಸ್ಕ್ ಬ್ರೇಕು ಕೂರಿಸಲು ನೆಲೆ ಇದೆಯೇ, ಮಡ್‌ಗಾರ್ಡು ಮತ್ತು ಕ್ಯಾರಿಯರಿಗೆ ತಿರುಪಿನ ತೂತುಗಳಿವೆಯೇ, ಚಕ್ರದ ಅಚ್ಚು ಯಾವ ಬಗೆಯದು ಎಂಬ ಸಂಗತಿಗಳು ಮಾತ್ರ ಸೈಕಲ್ ಇರುವಷ್ಟು ಕಾಲವೂ ಹಾಗೆಯೇ ಇರುತ್ತವೆ. ಎರಡು ಮಾದರಿಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಈ ಪಟ್ಟಿಯಲ್ಲಿ ಯಾವುದು ಮುಂದಿದೆಯೋ ಅದನ್ನೇ ಆರಿಸಿಕೊಳ್ಳಿ, ಇನ್ನೊಂದರ ಗೇರು ಒಂದು ಮೆಟ್ಟಿಲು ಮೇಲಿನದ್ದಾಗಿದ್ದರೂ ಸರಿಯೇ.

ನನ್ನ ಅಳತೆಯನ್ನು ತಿಳಿಯುವುದು ಹೇಗೆ?

ಫ್ರೇಮಿನ ಮೇಲೆ ಬರೆದಿರುವ 52, 54, 56 ಎಂಬ ಸಂಖ್ಯೆಗಳನ್ನು ಅಥವಾ ಎಸ್, ಎಂ, ಎಲ್ ಎಂಬ ಗುರುತುಗಳನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ 54 ಇನ್ನೊಂದರ 52ರಷ್ಟೇ ಇರಬಹುದು. ಕಂಪನಿಗಳು ಪ್ರಕಟಿಸುವ ಅಳತೆಯ ಕೋಷ್ಟಕದಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಸಾಲುಗಳಿರುತ್ತವೆ. ಹೋಲಿಕೆಗೆ ಅವೇ ಆಧಾರ. ಪೆಡಲಿನ ಅಚ್ಚಿನ (ಕ್ರ್ಯಾಂಕು, ಅಂದರೆ ಪೆಡಲುಗಳ ತೋಳುಗಳು, ತಿರುಗುವ ಫ್ರೇಮಿನ ತಳದ ಅಚ್ಚು) ನಡುಬಿಂದುವಿನಿಂದ, ಫ್ರೇಮಿನ ಮುಂಭಾಗದಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿಯವರೆಗಿನ ನೇರ ಎತ್ತರ ಸ್ಟ್ಯಾಕ್, ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. ಸ್ಟ್ಯಾಕನ್ನು ರೀಚಿನಿಂದ ಭಾಗಿಸಿದಾಗ ಬರುವ ಸಂಖ್ಯೆ 1.45ರ ಆಸುಪಾಸಿನಲ್ಲಿದ್ದರೆ ಅದು ಸ್ಪರ್ಧೆಯ ಕಡೆಗೆ ವಾಲಿದ, ಚೆನ್ನಾಗಿ ಬಾಗಬೇಕಾದ ಸೈಕಲ್, 1.55 ಅಥವಾ ಅದಕ್ಕಿಂತ ಮೇಲಿದ್ದರೆ ದೂರದ ಸವಾರಿಗೆ ಒದಗುವ, ತುಸು ನೆಟ್ಟಗೆ ಕೂರಬಹುದಾದ ಸೈಕಲ್. ಹೊಸಬರಲ್ಲಿ ಹೆಚ್ಚಿನವರಿಗೆ ಎರಡನೆಯದೇ ಹೊಂದುತ್ತದೆ. ಬೆನ್ನಿನ ಸ್ನಾಯುಗಳು ಪಳಗಿದ ಮೇಲೆ ಹ್ಯಾಂಡಲ್ಲನ್ನು ತಗ್ಗಿಸುವುದು ಸುಲಭ, ತಗ್ಗಿನಲ್ಲಿರುವ ಹ್ಯಾಂಡಲ್ಲನ್ನು ಎತ್ತರಿಸುವುದು ಅಷ್ಟು ಸುಲಭವಲ್ಲ.

ಮನೆಯಲ್ಲೇ ಮಾಡಬಹುದಾದ ಅಳತೆಯೊಂದಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣು ಅಂತರ ಬಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ಸಂದಿಯಲ್ಲಿ, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತು ಬೀಳುತ್ತದೆಯೋ ಅಷ್ಟೇ ಒತ್ತಿನಿಂದ ಮೇಲಕ್ಕೆ ಹಿಡಿಯಿರಿ; ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿಯಾಗಿ ತಾಗಿರಲಿ, ಇಲ್ಲವಾದರೆ ಅಳತೆ ಓರೆಯಾಗುತ್ತದೆ. ನೆಲದಿಂದ ಪುಸ್ತಕದ ಮೇಲಂಚಿನವರೆಗಿನ ಎತ್ತರವೇ ನಿಮ್ಮ ಕಾಲಿನ ಒಳ ಅಳತೆ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರದ ಅಂದಾಜು ಸಿಗುತ್ತದೆ. ಒಳ ಅಳತೆ 80 ಸೆಂ.ಮೀ. ಇರುವವರಿಗೆ ಇದು 70.6 ಸೆಂ.ಮೀ. ಆಗುತ್ತದೆ. ಇದು ಹೊರಡುವ ಬಿಂದು ಮಾತ್ರ. ಪೆಡಲು ತೀರ ಕೆಳಗಿರುವಾಗ ಮಂಡಿಯಲ್ಲಿ ಸಣ್ಣ ಬಾಗು ಉಳಿಯಬೇಕು, ಸೊಂಟ ಅತ್ತಿತ್ತ ತೂಗಬಾರದು.

ನನ್ನ ಅಳತೆಯ ಸೈಕಲ್ ಮುಗಿದಿದೆ, ಒಂದು ಅಳತೆ ದೊಡ್ಡದನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ಮನ್ನು 10 ಮಿ.ಮೀ. ಗಿಡ್ಡ ಮಾಡಿ ಸರಿಹೊಂದಿಸಬಹುದು, 20 ಮಿ.ಮೀ. ಎಂದರೆ ಹಿಡಿತದ ಸ್ವಭಾವವೇ ಬದಲಾಗತೊಡಗುತ್ತದೆ, ಅದಕ್ಕಿಂತ ಹೆಚ್ಚೆಂದರೆ ನೀವು ಬೇರೆ ಯಾರದ್ದೋ ಸೈಕಲ್ ಓಡಿಸುತ್ತಿದ್ದೀರಿ. ಎರಡು ಅಳತೆಗಳ ಸರಿಯಾದ ಗಡಿಯಲ್ಲಿರುವವರು ಮಾತ್ರ ಚಿಕ್ಕದರ ಕಡೆಗೆ ವಾಲಬಹುದು, ಏಕೆಂದರೆ ಚಿಕ್ಕ ಫ್ರೇಮಿನಲ್ಲಿ ಸೀಟನ್ನು ಏರಿಸಿ ಸ್ಟೆಮ್ಮನ್ನು ಉದ್ದ ಮಾಡುವ ದಾರಿಯಾದರೂ ಇರುತ್ತದೆ.

ಅಲ್ಯೂಮಿನಿಯಂ, ಉಕ್ಕು, ಕಾರ್ಬನ್: ಯಾವ ಫ್ರೇಮು ಒಳ್ಳೆಯದು?

ಈ ಬೆಲೆಯ ಹಂತದಲ್ಲಿ ಅಲ್ಯೂಮಿನಿಯಂ ಎಂದು ಹಿಂಜರಿಯದೆ ಹೇಳಬಹುದು. 6061 ಎಂಬ ಮಿಶ್ರಲೋಹದಿಂದ ಮಾಡಿದ ಫ್ರೇಮುಗಳು ಹಗುರವಾಗಿರುತ್ತವೆ, ತುಕ್ಕು ಹಿಡಿದು ತಿನ್ನಿಸಿಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಎಂದರೆ ಮೈ ನಡುಗಿಸುವ ಸವಾರಿ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಆ ನಡುಕದಲ್ಲಿ ದೊಡ್ಡ ಪಾಲು ಹಿಂದಿನ ಕಾಲದ 23 ಮಿ.ಮೀ. ಟೈರು ಮತ್ತು ಅದರೊಳಗೆ ಕಲ್ಲಿನಂತೆ ತುಂಬುತ್ತಿದ್ದ ಗಾಳಿಯದಾಗಿತ್ತು.

ಉಕ್ಕಿನಲ್ಲಿ ಎರಡು ಜಾತಿ. ಕ್ರೋಮೋಲಿ ಎಂಬ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು ಗಟ್ಟಿಯಾದುದರಿಂದ ಕೊಳವೆಗಳನ್ನು ತೆಳುವಾಗಿ ಮಾಡಬಹುದು, ಅಂಥ ಸೈಕಲ್ಲುಗಳು ತುಸು ಭಾರವಾದರೂ ದೀರ್ಘಕಾಲ ಬಾಳುತ್ತವೆ. ಹೈ-ಟೆನ್ಸೈಲ್ ಎಂದು ಬರೆದಿರುವ ಉಕ್ಕು ಹೆಸರಿನಲ್ಲಷ್ಟೇ ಗಂಭೀರ. ದಪ್ಪ ಗೋಡೆಯ ಭಾರವಾದ ಕೊಳವೆಗಳು ಅವು.

ಫ್ರೇಮಿಗಿಂತ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಡೆಗೆ ಹೆಚ್ಚು ಗಮನ ಕೊಡಿ. ಕಾರ್ಬನ್ ಫೋರ್ಕು ರಸ್ತೆಯ ಸಣ್ಣ ಕಂಪನವನ್ನು ಕೈಗೆ ತಲುಪದಂತೆ ಬಹುಮಟ್ಟಿಗೆ ತಡೆಯುತ್ತದೆ, ಉಕ್ಕಿನ ಫೋರ್ಕಿಗಿಂತ ಗಮನಾರ್ಹವಾಗಿ ಹಗುರವೂ ಆಗಿರುತ್ತದೆ. ಒಂದೇ ಕಂಪನಿಯ ಎರಡು ಅಗ್ಗದ ಮಾದರಿಗಳ ನಡುವಿನ ಬೆಲೆಯ ಅಂತರಕ್ಕೆ ಫೋರ್ಕೇ ಕಾರಣವಾಗಿದ್ದರೆ ಆ ಹೆಚ್ಚುವರಿ ಹಣ ವ್ಯರ್ಥವಲ್ಲ. ತೀರ ಕಡಿಮೆ ಬೆಲೆಗೆ ಸಿಗುವ, ತಯಾರಕರ ಹೆಸರೇ ಕೇಳಿರದ ಕಾರ್ಬನ್ ಫ್ರೇಮುಗಳಿಂದ ದೂರವಿರುವುದು ಲೇಸು. ಕಾರ್ಬನ್ನಿನ ಗುಣಮಟ್ಟ ಹೊರಗಣ್ಣಿಗೆ ಕಾಣುವುದಿಲ್ಲ.

ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರಾ: ಈ ಹೆಸರುಗಳ ನಡುವೆ ನಿಜವಾದ ವ್ಯತ್ಯಾಸ ಏನು?

ಇವೆಲ್ಲವೂ ಜಪಾನಿನ ಶಿಮಾನೊ ಕಂಪನಿಯ ಗೇರು ಮತ್ತು ಬ್ರೇಕಿನ ಜೋಡಣೆಗಳು; ಕೆಳಗಿನಿಂದ ಮೇಲಕ್ಕೆ ಇದೇ ಕ್ರಮದಲ್ಲಿ ಬರುತ್ತವೆ. ರೋಡ್ ಬೈಕಿನ ಟೂರ್ನಿಯಲ್ಲಿ ಹಿಂದೆ 7 ಹಲ್ಲುಚಕ್ರಗಳು, ಕ್ಲಾರಿಸ್‌ನಲ್ಲಿ 8, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10 ಇರುತ್ತವೆ. ಇವುಗಳ ಮೇಲೆ 105 ಎಂಬುದು ಬರುತ್ತದೆ, ಅದು ಆರಂಭದ ಬೆಲೆಯ ಮಿತಿಯಿಂದ ಆಚೆಗಿನ ಮಾತು. ತೈವಾನಿನ ಮೈಕ್ರೋಶಿಫ್ಟ್ ಕಂಪನಿಯ ಜೋಡಣೆಗಳೂ ಅಗ್ಗದ ಸೈಕಲ್ಲುಗಳಲ್ಲಿ ಬರುತ್ತವೆ. ಹೆಸರು ಅಷ್ಟು ಪರಿಚಿತವಲ್ಲದಿದ್ದರೂ ಕೆಲಸದಲ್ಲಿ ಅವು ನಂಬಿಕೆಗೆ ಅರ್ಹವಾದವು.

ಸಂಖ್ಯೆ ಹೆಚ್ಚಿದಂತೆ ಅತಿ ಹಗುರದ ಗೇರು ಇನ್ನಷ್ಟು ಹಗುರವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಿಲ್ಲ. ಹೆಚ್ಚಾಗುವುದು ಮೊದಲ ಮತ್ತು ಕೊನೆಯ ಗೇರುಗಳ ನಡುವಿನ ಮೆಟ್ಟಿಲುಗಳ ಸಂಖ್ಯೆ. ಮೆಟ್ಟಿಲುಗಳು ಹತ್ತಿರ ಹತ್ತಿರ ಇದ್ದಾಗ ಕಾಲಿನ ಲಯ ಮುರಿಯದೆ ಗೇರು ಬದಲಾಯಿಸಬಹುದು, ಎದುರುಗಾಳಿಯಲ್ಲಿ ಮತ್ತು ಗುಂಪಿನಲ್ಲಿ ಹೋಗುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕ್ಲಾರಿಸ್ ಎಂಬುದು ನನ್ನ ಮಟ್ಟಿಗೆ ನಿಜವಾದ ರೋಡ್ ಬೈಕಿನ ಹೊಸ್ತಿಲು. ಟೂರ್ನಿಯ ಎ070 ಲಿವರುಗಳಲ್ಲಿ ಭಾರದ ಗೇರಿಗೆ ಬರಲು ಹಿಡಿಯ ಒಳಮಗ್ಗುಲಿನಲ್ಲಿರುವ ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು, ಕೈಗಳು ಕೆಳಗಿನ ಬಾಗಿನಲ್ಲಿರುವಾಗ ಆ ಗುಂಡಿ ಬೆರಳಿಗೆ ಎಟುಕುವುದಿಲ್ಲ. ಅಂದರೆ ಇಳಿಜಾರಿನಲ್ಲಿ ಹ್ಯಾಂಡಲ್ಲನ್ನು ಭದ್ರವಾಗಿ ಹಿಡಿದಿರಬೇಕಾದ ಹೊತ್ತಿನಲ್ಲೇ ಕೈ ಎತ್ತಬೇಕಾಗುತ್ತದೆ. ಕ್ಲಾರಿಸ್‌ನಿಂದ ಮೇಲಕ್ಕೆ ಗೇರು ಏರಿಸುವ, ಇಳಿಸುವ ಎರಡೂ ಕೆಲಸಗಳು ಬ್ರೇಕಿನ ಹಿಡಿಯ ಬಳಿಯೇ, ಬೆರಳ ತುದಿಯಲ್ಲೇ ನಡೆಯುತ್ತವೆ. ಕ್ಲಾರಿಸ್‌ನಿಂದ ಸೋರಾಕ್ಕೆ ಇರುವ ಅಂತರ ಟೂರ್ನಿಯಿಂದ ಕ್ಲಾರಿಸ್‌ಗೆ ಇರುವ ಅಂತರದಷ್ಟು ದೊಡ್ಡದಲ್ಲ.

ಇನ್ನೊಂದು ಎಚ್ಚರಿಕೆ. ‘ಸೋರಾ ಗೇರಿನ ಸೈಕಲ್’ ಎಂದು ಮಾರುವಾಗ ಕಣ್ಣಿಗೆ ಬೀಳುವ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮಾತ್ರ ಸೋರಾ ಆಗಿದ್ದು, ಕ್ರ್ಯಾಂಕು, ಕ್ಯಾಸೆಟ್ಟು, ಬ್ರೇಕುಗಳೆಲ್ಲ ಹೆಸರಿಲ್ಲದ ಅಗ್ಗದ ಭಾಗಗಳಾಗಿರುವುದುಂಟು. ವಿವರಪಟ್ಟಿಯನ್ನು ಸಾಲುಸಾಲಾಗಿ ಓದಿ. ಮುಖ್ಯವಾಗಿ ಬ್ರೇಕಿನ ಸಾಲನ್ನು ಓದಿ.

7 ಗೇರಿನ ಸೈಕಲ್ಲಿಗೂ 8 ಗೇರಿನದಕ್ಕೂ ಒಂದು ಹಲ್ಲುಚಕ್ರದ ವ್ಯತ್ಯಾಸವಷ್ಟೇ ಅಲ್ಲವೇ?

ಹಲ್ಲುಚಕ್ರಗಳು ಹಿಂದಿನ ಚಕ್ರದ ನಡುಭಾಗವಾದ ಹಬ್ಬಿಗೆ ಹೇಗೆ ಕೂತಿವೆ ಎಂಬುದರಲ್ಲಿ ಇನ್ನೂ ದೊಡ್ಡ ವ್ಯತ್ಯಾಸ ಇರಬಹುದು. ಅಗ್ಗದ 7 ಗೇರಿನ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳೂ ಕಟಕಟ ಸದ್ದು ಮಾಡುವ ಯಂತ್ರಭಾಗವೂ ಸೇರಿ ಒಂದೇ ಗಡ್ಡೆಯಾಗಿ, ಫ್ರೀವೀಲ್ ರೂಪದಲ್ಲಿ ಹಬ್ಬಿಗೆ ತಿರುಗಿಸಿ ಕೂರಿಸಲ್ಪಟ್ಟಿರುತ್ತವೆ. ಆಗ ಬಲಗಡೆಯ ಬೇರಿಂಗು ಈ ಗಡ್ಡೆಯ ಒಳಬದಿಗೆ ಉಳಿಯುವುದರಿಂದ ಅದರಿಂದಾಚೆ ಅಚ್ಚಿನ ಉದ್ದನೆಯ ಭಾಗಕ್ಕೆ ಯಾವ ಆಸರೆಯೂ ಇರುವುದಿಲ್ಲ. ಭಾರದ ಸವಾರರು ಗುಂಡಿ ಹಾರಿಸಿದಾಗ ಅಚ್ಚು ಬಾಗುವುದು, ಕೆಲವೊಮ್ಮೆ ಮುರಿಯುವುದು ಅದೇ ಜಾಗದಲ್ಲಿ. ಕ್ಯಾಸೆಟ್ ಪದ್ಧತಿಯಲ್ಲಿ ಆ ಯಂತ್ರಭಾಗ ಹಬ್ಬಿನದೇ ಅಂಗವಾಗಿರುತ್ತದೆ, ಬೇರಿಂಗನ್ನು ಅಚ್ಚಿನ ತುದಿಗೆ ಸಮೀಪ ಇಡಲು ಸಾಧ್ಯವಾಗುತ್ತದೆ.

ಎರಡನ್ನೂ ಗುರುತಿಸಲು ಬಿಚ್ಚಬೇಕಾಗಿಲ್ಲ. ಹಿಂದಿನ ಚಕ್ರವನ್ನು ಬಲಗಡೆಯಿಂದ ನೋಡುತ್ತ, ಚಕ್ರ ಅಲುಗದಂತೆ ಹಿಡಿದು ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ಅತಿ ಚಿಕ್ಕ ಹಲ್ಲುಚಕ್ರದ ನಡುವೆ, ಅಚ್ಚಿನ ಸುತ್ತ, ಬಿಚ್ಚುವ ಸಲಕರಣೆ ಹಿಡಿಯಲೆಂದು ಮಾಡಿದ ಸಣ್ಣ ಗೀರುಗಳ ಬಳೆ ಕಾಣುತ್ತದೆ. ಆ ಬಳೆ ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್, ಹಲ್ಲುಗಳು ಮಾತ್ರ ತಿರುಗಿ ಬಳೆ ನಿಂತೇ ಇದ್ದರೆ ಫ್ರೀವೀಲ್.

ಮುಂದಿನ ಬದಲಾವಣೆಯ ದೃಷ್ಟಿಯಿಂದಲೂ ಇದು ಮುಖ್ಯ. ಶಿಮಾನೊದ 8, 9 ಮತ್ತು 10 ಗೇರಿನ ಕ್ಯಾಸೆಟ್ಟುಗಳು ಒಂದೇ ಅಗಲದ ಹಬ್ಬಿನ ಮೇಲೆ ಕೂರುತ್ತವೆ. 11 ಗೇರಿನ ರೋಡ್ ಕ್ಯಾಸೆಟ್ಟಿಗೆ 1.85 ಮಿ.ಮೀ. ಹೆಚ್ಚು ಅಗಲ ಬೇಕು. ಫ್ರೀವೀಲ್ ಹಬ್ಬಿನ ಚಕ್ರಕ್ಕೆ ಈ ದಾರಿಗಳು ಯಾವುವೂ ಇಲ್ಲ, ಚಕ್ರವನ್ನೇ ಬದಲಾಯಿಸಬೇಕು.

ಏರು ರಸ್ತೆಗೆ ಯಾವ ಗೇರು ಬೇಕು?

ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳಿರುವ ಕಾಂಪ್ಯಾಕ್ಟ್ ಕ್ರ್ಯಾಂಕು ಇರಲಿ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 32 ಅಥವಾ 34 ಹಲ್ಲಿನದಾಗಿರಲಿ. ಕಾರಣವನ್ನು ಲೆಕ್ಕದಲ್ಲೇ ನೋಡಬಹುದು. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರು. ಮುಂದೆ 34, ಹಿಂದೆ 28 ಹಲ್ಲಿನ ಜೋಡಿಯಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.55 ಮೀಟರು ಸಾಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿಯಬೇಕಾದರೆ ವೇಗ ಗಂಟೆಗೆ 10.7 ಕಿ.ಮೀ.ಗಿಂತ ಕೆಳಗಿಳಿಯಬಾರದು. ಹಿಂದೆ 32 ಹಲ್ಲಿದ್ದರೆ ಅದೇ ಲಯದಲ್ಲಿ 9.4 ಕಿ.ಮೀ. ಸಾಕು. ಸವಾರರೂ ಸೈಕಲ್ಲೂ ಸೇರಿ 80 ಕಿಲೋ ಇದ್ದರೆ, ನೂರು ಮೀಟರಿಗೆ ಎಂಟು ಮೀಟರು ಏರುವ ರಸ್ತೆಯಲ್ಲಿ ಬರೀ ಗುರುತ್ವದ ವಿರುದ್ಧ ಮೊದಲನೆಯದಕ್ಕೆ ಸುಮಾರು 185 ವ್ಯಾಟ್, ಎರಡನೆಯದಕ್ಕೆ ಸುಮಾರು 165 ವ್ಯಾಟ್ ಶಕ್ತಿ ಬೇಕಾಗುತ್ತದೆ. ಹೊಸಬರಿಗೆ ಅರ್ಧ ಗಂಟೆ ಏರುವಾಗ ಆ 20 ವ್ಯಾಟಿನ ಅಂತರವೇ ಪೆಡಲು ತುಳಿಯುವುದಕ್ಕೂ ಸೈಕಲ್ ತಳ್ಳಿಕೊಂಡು ನಡೆಯುವುದಕ್ಕೂ ನಡುವಿನ ಅಂತರವಾಗಬಲ್ಲದು.

ಅತ್ತ ಭಾರದ ಗೇರು ಸಾಲದೇ ಹೋದೀತು ಎಂಬ ಚಿಂತೆ ಬೇಡ. 50 ಮತ್ತು 11 ಹಲ್ಲಿನ ಜೋಡಿಯಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 51 ಕಿ.ಮೀ. ದಾಟುತ್ತದೆ.

ಡಿಸ್ಕ್ ಬ್ರೇಕೇ ಬೇಕೇ?

ಮಳೆಯಲ್ಲಿ, ಉದ್ದನೆಯ ಇಳಿಜಾರಿನಲ್ಲಿ ಓಡಾಡುವವರಿಗೆ ಬೇಕು. ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿ ಒದ್ದೆಯಾದಾಗ ರಬ್ಬರು ಮೊದಲು ನೀರನ್ನು ಒರೆಸಿ ಆಮೇಲೆ ಹಿಡಿಯುತ್ತದೆ, ಆ ಕ್ಷಣದ ವಿಳಂಬ ಸಣ್ಣದಲ್ಲ. ಜೊತೆಗೆ ರಿಮ್ಮೂ ವರ್ಷಗಳಲ್ಲಿ ಸವೆಯುತ್ತದೆ. ಒಣ ಹವೆಯಲ್ಲಿ ಮಾತ್ರ ಹೊರಡುವವರಿಗೆ ಒಳ್ಳೆಯ ರಿಮ್ ಬ್ರೇಕು ಸಾಕಷ್ಟಾಯಿತು: ಅದು ಹಗುರ, ಅಗ್ಗ, ಒಂದು ಅಲೆನ್ ಕೀ ಹಿಡಿದು ಯಾರಾದರೂ ಸರಿಪಡಿಸಬಹುದು.

ಡಿಸ್ಕ್ ಎಂಬ ಒಂದೇ ಪದಕ್ಕೆ ಮರುಳಾಗಬಾರದು. ತೀರ ಅಗ್ಗದ ಸೈಕಲ್ಲುಗಳಲ್ಲಿ ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕುಗಳಿದ್ದು, ಅವುಗಳಲ್ಲಿ ಒಂದು ಬದಿಯ ಪ್ಯಾಡು ಮಾತ್ರ ಚಲಿಸಿ ತಟ್ಟೆಯನ್ನು ಬಗ್ಗಿಸುತ್ತ ಎದುರಿನ ನಿಂತ ಪ್ಯಾಡಿಗೆ ಒತ್ತುತ್ತದೆ. ಪ್ಯಾಡು ಸವೆದಂತೆ ಎರಡೂ ಬದಿಯನ್ನು ಕೈಯಿಂದಲೇ ಹೊಂದಿಸುತ್ತಿರಬೇಕು. ಇಂಥ ಕಳಪೆ ಡಿಸ್ಕಿಗಿಂತ ಹೆಸರಾಂತ ಕಂಪನಿಯ ರಿಮ್ ಬ್ರೇಕು ಮೇಲು. ಎರಡೂ ಪ್ಯಾಡು ಚಲಿಸುವ ತಂತಿಯ ಡಿಸ್ಕ್ ನಡುವಿನ ದಾರಿ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಎಲ್ಲಕ್ಕಿಂತ ಉತ್ತಮ, ಆದರೆ ಅದು ಆರಂಭದ ಬೆಲೆಯಲ್ಲಿ ಅಪರೂಪ.

ರಿಮ್ ಬ್ರೇಕಿನ ಫ್ರೇಮಿಗೆ ಮುಂದೊಂದು ದಿನ ಡಿಸ್ಕ್ ಹಾಕಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ರೇಮು, ಫೋರ್ಕು ಮತ್ತು ಚಕ್ರಗಳೆಲ್ಲವೂ ಬೇರೆಯಾಗಬೇಕಾಗುತ್ತದೆ.

ಟೈರು ಎಷ್ಟು ಅಗಲ ಇರಬೇಕು?

28 ಮಿ.ಮೀ. ಒಳ್ಳೆಯ ಆರಂಭ. ಫ್ರೇಮಿನಲ್ಲಿ 32 ಮಿ.ಮೀ. ಟೈರಿಗೂ ಜಾಗವಿದ್ದರೆ ಇನ್ನೂ ಒಳ್ಳೆಯದು, ಹದಗೆಟ್ಟ ರಸ್ತೆಯ ಮೇಲೂ ಧೈರ್ಯವಾಗಿ ಹೋಗಬಹುದು. ಟೈರು ತೆಳುವಾದಷ್ಟೂ, ಗಾಳಿ ಬಿಗಿಯಾದಷ್ಟೂ ವೇಗ ಎಂಬ ಹಳೆಯ ನಂಬಿಕೆ ನಯವಾದ ಟ್ರ್ಯಾಕಿಗೆ ಹೊಂದೀತು. ತರಿತರಿಯಾದ ರಸ್ತೆಯಲ್ಲಿ ಅತಿ ಬಿಗಿಯಾದ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರರನ್ನೂ ಮೇಲಕ್ಕೆ ಎಸೆಯುತ್ತದೆ, ಹಾಗೆ ಎಸೆಯಲು ಖರ್ಚಾಗುವುದು ನಿಮ್ಮದೇ ಶಕ್ತಿ. 70 ಕಿಲೋ ಆಸುಪಾಸಿನ ಸವಾರರು 28 ಮಿ.ಮೀ. ಟೈರಿನಲ್ಲಿ 70ರಿಂದ 80 ಪಿಎಸ್‌ಐ ಗಾಳಿಯಿಂದ ಆರಂಭಿಸಿ, ಹಿಂದಿನದಕ್ಕಿಂತ ಮುಂದಿನದರಲ್ಲಿ ತುಸು ಕಡಿಮೆ ಇಟ್ಟು, ತಮಗೆ ಒಗ್ಗುವಂತೆ ಹೊಂದಿಸಿಕೊಳ್ಳಬಹುದು. ಟೈರಿನ ಮಗ್ಗುಲಲ್ಲಿ ಮುದ್ರಿಸಿರುವ ಗರಿಷ್ಠ ಮಿತಿಯನ್ನು ಮಾತ್ರ ಮೀರಬಾರದು.

ಸೈಕಲ್ಲಿನ ತೂಕಕ್ಕೆ ಎಷ್ಟು ಮಹತ್ವ ಕೊಡಬೇಕು?

ನೀವು ಈಗ ಕೊಡುತ್ತಿರುವುದಕ್ಕಿಂತ ಕಡಿಮೆ. ಆರಂಭದ ಬೆಲೆಯ ರೋಡ್ ಬೈಕುಗಳು ಸಾಮಾನ್ಯವಾಗಿ 9.5ರಿಂದ 11 ಕಿಲೋ ತೂಗುತ್ತವೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಸ್ಪರ್ಧೆಯ ಸೈಕಲ್ಲುಗಳಿಗೆ ವಿಧಿಸಿರುವ ಕನಿಷ್ಠ ಮಿತಿ 6.8 ಕಿಲೋ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಂತರ ಭಯಂಕರವಾಗಿ ಕಾಣುವುದು ಸಹಜ. ಆದರೆ ಏರಿನಲ್ಲಿ ಮೇಲಕ್ಕೆ ಒಯ್ಯಬೇಕಾಗಿರುವುದು ಸೈಕಲ್ಲೊಂದನ್ನೇ ಅಲ್ಲ, ಸವಾರರನ್ನೂ ನೀರಿನ ಬಾಟಲಿಯನ್ನೂ ಸೇರಿಸಿ ಎಂಬತ್ತು ಕಿಲೋವನ್ನು. ಅದರಲ್ಲಿ ಒಂದು ಕಿಲೋ ಎಂದರೆ ಶೇಕಡಾ 1.25; ಅರ್ಧ ಗಂಟೆಯ ಕಡಿದಾದ ಏರಿನಲ್ಲಿ ಉಳಿಯುವುದು ಇಪ್ಪತ್ತು ಸೆಕೆಂಡಿನ ಆಸುಪಾಸು. ಸಮತಟ್ಟಾದ ರಸ್ತೆಯಲ್ಲಿ ಅದೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಒಂದು ಕೈಯಿಂದ ಸೈಕಲ್ ಎತ್ತಿ ನೋಡಿ ತಲೆದೂಗುವುದು ಒಂದು ರೂಢಿ, ಮಾಡಬಾರದು ಎಂದೇನಿಲ್ಲ, ಆದರೆ ಅದರಿಂದ ತೀರ್ಮಾನಕ್ಕೆ ಬರಬೇಡಿ.

ದೊಡ್ಡ ಕಂಪನಿಯದನ್ನೇ ಕೊಳ್ಳಬೇಕೇ? ಯಾವ ಮಾದರಿಗಳನ್ನು ನೋಡಬಹುದು?

ಟ್ರೆಕ್‌ನ ಡೊಮಾನೆ ಎಎಲ್ 2, ಸ್ಪೆಷಲೈಸ್ಡ್‌ನ ಅಲೇ, ಜೈಂಟ್‌ನ ಕಂಟೆಂಡ್ ಸರಣಿಯ ಕೆಳಗಿನ ಮಾದರಿಗಳು ಈ ವರ್ಗದಲ್ಲಿ ಮೊದಲು ಕೇಳಿಬರುವ ಹೆಸರುಗಳು. ಮೂರೂ ಅಲ್ಯೂಮಿನಿಯಂ ಫ್ರೇಮಿನವು. ಡೊಮಾನೆ ಮೂಲತಃ ದೂರದ ಸವಾರಿಗೆಂದೇ ರೂಪಿಸಿದ ಸರಣಿ. ಡೆಕಾಥ್ಲಾನ್ ತನ್ನ ಟ್ರೈಬಾನ್ ಮತ್ತು ವ್ಯಾನ್ ರೈಸೆಲ್ ಹೆಸರುಗಳಲ್ಲಿ ಮಾರುವ ರೋಡ್ ಬೈಕುಗಳನ್ನು ನಡುವಿನ ವ್ಯಾಪಾರಿಗಳಿಲ್ಲದೆ ನೇರವಾಗಿ ತನ್ನದೇ ಮಳಿಗೆಗಳಲ್ಲಿ ಮಾರುವುದರಿಂದ, ಅದೇ ಬೆಲೆಗೆ ಬಿಡಿಭಾಗಗಳು ಒಂದು ಹಂತ ಮೇಲಿನವು ಇರುವುದುಂಟು. ಒಂದೇ ಹೆಸರಿನ ಮಾದರಿಯ ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಹೆಸರಿನ ಜೊತೆ ಯಾವ ವರ್ಷದ್ದು ಎಂಬುದನ್ನೂ ಕೇಳಿ, ಆ ವರ್ಷದ ವಿವರಪಟ್ಟಿಯನ್ನೇ ಓದಿ.

ಹೆಸರಿಗಿಂತ ಮಿಗಿಲಾದ ಪ್ರಶ್ನೆಯೊಂದಿದೆ: ಕೆಟ್ಟರೆ ಯಾರ ಬಳಿಗೆ ಒಯ್ಯುತ್ತೀರಿ? ನಿಮಗೆ ಸಮೀಪದಲ್ಲಿರುವ, ಚಕ್ರದ ಬೆಂಡ್ ತೆಗೆಯಬಲ್ಲ, ಗೇರು ಹೊಂದಿಸಬಲ್ಲ ಮೆಕ್ಯಾನಿಕ್ಕಿಗೆ ಪರಿಚಿತವಾದ ಬಿಡಿಭಾಗಗಳಿರುವ ಸೈಕಲ್ ಹೆಚ್ಚು ಕಾಲ ರಸ್ತೆಯ ಮೇಲಿರುತ್ತದೆ.

ಅದೇ ಹಣಕ್ಕೆ ಬಳಸಿದ ಒಳ್ಳೆಯ ಸೈಕಲ್ ಸಿಗುವುದಾದರೆ?

ಪರೀಕ್ಷಿಸಲು ಬರುವುದಾದರೆ, ಅಥವಾ ಬಲ್ಲವರನ್ನು ಜೊತೆಗೆ ಕರೆದೊಯ್ಯುವುದಾದರೆ, ಇದಕ್ಕಿಂತ ಒಳ್ಳೆಯ ವ್ಯವಹಾರ ಇನ್ನೊಂದಿಲ್ಲ. ಮೊದಲು ಫ್ರೇಮಿನ ಬೆಸುಗೆಗಳನ್ನು, ಅದರಲ್ಲೂ ಹ್ಯಾಂಡಲ್ ಕೊಳವೆಯ ಹಿಂಭಾಗ ಮತ್ತು ಪೆಡಲಿನ ಅಚ್ಚಿನ ಸುತ್ತಮುತ್ತ, ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಕೈಬಿಡಿ. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ ನೋಡಿ, ಅಲ್ಯೂಮಿನಿಯಂ ಫ್ರೇಮಿನೊಳಗೆ ವರ್ಷಗಟ್ಟಲೆ ಅಲುಗದೆ ಕೂತ ಕಂಬ ಕಚ್ಚಿಕೊಂಡುಬಿಡುತ್ತದೆ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಎಂದರೆ ಬೇರಿಂಗು ಸಡಿಲವಾಗಿದೆ ಎಂದರ್ಥ, ಅದು ಸರಿಪಡಿಸಬಹುದಾದ್ದು.

ಚೈನಿನ ಸವೆತವನ್ನು ಮಾಮೂಲಿ ಸ್ಕೇಲಿನಿಂದಲೇ ಅಳೆಯಬಹುದು. ಹೊಸ ಚೈನಿನಲ್ಲಿ ಹನ್ನೆರಡು ಪೂರ್ಣ ಕೊಂಡಿಗಳ ಉದ್ದ ಸರಿಯಾಗಿ 12 ಇಂಚು ಇರುತ್ತದೆ. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಬೆಳೆದಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗದಷ್ಟು ಬೆಳೆದಿದ್ದರೆ ಕ್ಯಾಸೆಟ್ಟೂ ಹೋಗಿರುವ ಸಂಭವ ಹೆಚ್ಚು, ಆ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ. ಫ್ರೇಮಿನ ತಳದಲ್ಲಿ ಕೊರೆದಿರುವ ಕ್ರಮಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಮುಂದಿನ ಮಾತೇ ಬೇಡ.

ಬಿದ್ದು ಏಟು ತಿಂದ ಕಾರ್ಬನ್ ಫ್ರೇಮನ್ನು ಯಾರ ಮಾತಿಗೂ ಕಟ್ಟುಬಿದ್ದು ಕೊಳ್ಳಬೇಡಿ.

ಸೈಕಲ್ಲಿನ ಜೊತೆಗೆ ಇನ್ನೇನು ಖರ್ಚು ಬರುತ್ತದೆ?

ಹೆಲ್ಮೆಟ್, ಮುಂದೆ ಹಿಂದೆ ದೀಪ, ಬೀಗ, ಒತ್ತಡದ ಮಾಪಕವಿರುವ ನಿಲ್ಲಿಸಿ ಹೊಡೆಯುವ ಪಂಪು, ಎರಡು ಬಿಡಿ ಟ್ಯೂಬು, ಟೈರು ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ಅಲೆನ್ ಕೀಗಳ ಒಂದು ಗೊಂಚಲು, ಚೈನಿನ ಎಣ್ಣೆ. ರೋಡ್ ಬೈಕಿನ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಸಪೂರವಾದ ಪ್ರೆಸ್ಟಾ ವಾಲ್ವು ಇರುತ್ತದೆ, ಪಂಪಿನ ಬಾಯಿ ಅದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ಇವೆಲ್ಲ ಸೇರಿ ಸೈಕಲ್ಲಿನ ಬೆಲೆಯ ಗಣನೀಯ ಭಾಗವೇ ಆಗುತ್ತದೆ, ಆದ್ದರಿಂದ ಕೈಯಲ್ಲಿರುವ ಅಷ್ಟೂ ಹಣವನ್ನು ಸೈಕಲ್ಲಿಗೇ ಸುರಿಯಬೇಡಿ.

ಬೂಟು ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲುಗಳು ಮೊದಲ ದಿನದಿಂದಲೇ ಬೇಕೇ?

ಬೇಡ. ಅಗಲವಾದ, ಜಾರದ ಚಪ್ಪಟೆ ಪೆಡಲುಗಳು ಸಾಕು. ಬ್ರೇಕು, ಗೇರು, ಸಮತೋಲನ ಕೈವಶವಾದ ಮೇಲೆ ನೋಡಿಕೊಳ್ಳಬಹುದು.

ಈಗ ಅಗ್ಗದ್ದನ್ನು ಕೊಂಡು ಆಮೇಲೆ ಒಂದೊಂದೇ ಭಾಗ ಉತ್ತಮಪಡಿಸುವುದು ಜಾಣತನವೇ?

ಸವೆದ ಭಾಗವನ್ನು ಬದಲಾಯಿಸುವಾಗ ಒಂದು ಹಂತ ಮೇಲಿನದನ್ನು ಹಾಕುವುದು ಜಾಣತನ. ಸವೆಯದ ಗೇರಿನ ಜೋಡಣೆಯನ್ನು ಬಿಡಿಬಿಡಿಯಾಗಿ ಕೊಂಡು ಬದಲಾಯಿಸುವುದು ಅಲ್ಲ. ಕಂಪನಿಗಳು ಬಿಡಿಭಾಗಗಳನ್ನು ಸಗಟಾಗಿ ಕೊಳ್ಳುತ್ತವೆ, ನೀವು ಚಿಲ್ಲರೆ ಬೆಲೆಗೆ ಕೊಳ್ಳುತ್ತೀರಿ, ಹಾಗಾಗಿ ಕ್ಲಾರಿಸ್ ಸೈಕಲ್ಲನ್ನು ಟಿಯಾಗ್ರಾ ಮಾಡಲು ಹೊರಟರೆ ಮೊದಲೇ ಟಿಯಾಗ್ರಾ ಸೈಕಲ್ ಕೊಂಡಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇದಕ್ಕೆ ಹೊರತಾದದ್ದು ಟೈರು. ಅಗ್ಗದ ಸೈಕಲ್ಲುಗಳಲ್ಲಿ ಕಂಪನಿಗಳು ಹಣ ಉಳಿಸುವುದೇ ಅಲ್ಲಿ. ತಂತಿಯ ಅಂಚಿನ ಒರಟು ಟೈರುಗಳನ್ನು ತೆಗೆದು ನಯವಾದ, ಮಡಚಬಲ್ಲ ಟೈರುಗಳನ್ನು ಹಾಕಿದ ದಿನವೇ ಸೈಕಲ್ ಬೇರೆಯದೇ ಎನ್ನಿಸುತ್ತದೆ.

ಓಡಿಸಿ ನೋಡುವಾಗ ಏನನ್ನು ಗಮನಿಸಬೇಕು?

ಮೊದಲು ಸೀಟಿನ ಎತ್ತರವನ್ನು ನಿಮಗೆ ಹೊಂದಿಸಿಕೊಡಲು ಕೇಳಿ, ಟೈರಿಗೆ ಗಾಳಿ ಹೊಡೆಸಿ. ಕನಿಷ್ಠ ಕಾಲು ಗಂಟೆ ಓಡಿಸಿ, ಸಾಧ್ಯವಾದರೆ ಒಂದು ಏರನ್ನೂ ಸೇರಿಸಿ. ಬ್ರೇಕಿನ ಹಿಡಿಗಳ ಮೇಲೆ ಕೈ ಇಟ್ಟಾಗ ಮೊಣಕೈ ತುಸು ಬಾಗಿರಬೇಕು, ಭುಜಗಳು ಕಿವಿಯ ಕಡೆಗೆ ಏರಬಾರದು. ಕೆಳಗಿನ ಬಾಗನ್ನು ಹಿಡಿದು ಎರಡು ಬೆರಳಿನಿಂದ ಬ್ರೇಕು ಒತ್ತಲು ಆಗುತ್ತದೆಯೇ ನೋಡಿ. ಚಿಕ್ಕ ಕೈಯವರಿಗೆ ಲಿವರ್ ದೂರವಾದರೆ ಅನೇಕ ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ತಿರುಪು ಇರುತ್ತದೆ. ಸೀಟು ಗಟ್ಟಿ ಎನ್ನಿಸಿದರೆ ಅದನ್ನೇ ಕಾರಣ ಮಾಡಿ ಸೈಕಲ್ಲನ್ನು ತಿರಸ್ಕರಿಸಬೇಡಿ. ಸೀಟು ಬದಲಾಗುತ್ತದೆ, ಮೈಯೂ ಒಗ್ಗುತ್ತದೆ.

ಕೊಂಡ ಮೇಲೆ ಮೊದಲ ಕೆಲವು ವಾರ ಏನು ಮಾಡಬೇಕು?

ಹೊಸ ಸೈಕಲ್ಲಿನ ಗೇರು ಒಂದೆರಡು ವಾರದಲ್ಲಿ ತಡವರಿಸತೊಡಗಿದರೆ ಗಾಬರಿಯಾಗಬೇಕಿಲ್ಲ. ತಂತಿಯ ಹೊದಿಕೆಗಳು ತಮ್ಮ ಗೂಡುಗಳಲ್ಲಿ ಒತ್ತಿ ಕೂತು ತಂತಿ ಸಡಿಲವಾಗುವುದರಿಂದ ಹೀಗಾಗುತ್ತದೆ. ಲಿವರಿನಿಂದ ಬರುವ ತಂತಿಯ ತುದಿಯಲ್ಲಿರುವ ಗುಂಡನೆಯ ತಿರುಪನ್ನು ತಂತಿ ಬಿಗಿಯಾಗುವಂತೆ, ಅಂದರೆ ತಿರುಪು ಹೊರಬರುವ ದಿಕ್ಕಿಗೆ, ಅರ್ಧ ಸುತ್ತು ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಚಕ್ರದ ಕಡ್ಡಿಗಳೂ ಈ ಅವಧಿಯಲ್ಲೇ ಸಡಿಲವಾಗುವುದರಿಂದ, ಕೆಲವು ನೂರು ಕಿಲೋಮೀಟರು ಆದ ಮೇಲೆ ಕೊಂಡ ಅಂಗಡಿಯಲ್ಲೇ ಒಮ್ಮೆ ಸರ್ವೀಸ್ ಮಾಡಿಸಿ. ಡಿಸ್ಕ್ ಬ್ರೇಕಿದ್ದರೆ ಮೊದಲ ದಿನವೇ, ವಾಹನಗಳಿಲ್ಲದ ರಸ್ತೆಯಲ್ಲಿ, ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಬಾರಿಯಾದರೂ ಸಮನಾಗಿ ಬ್ರೇಕು ಒತ್ತಿ, ಚಕ್ರ ಪೂರ್ತಿ ನಿಲ್ಲದಂತೆ ಬಿಡಿ. ಪ್ಯಾಡಿನ ತೆಳು ಪದರ ತಟ್ಟೆಗೆ ಅಂಟಿದ ಮೇಲಷ್ಟೇ ಬ್ರೇಕಿಗೆ ಪೂರ್ಣ ಹಿಡಿತ ಬರುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿಯೂ ಆ ತಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಎಣ್ಣೆ ಬಿಟ್ಟ ಮೇಲೆ ಹೊರಗಿನ ಪಸೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ.